ಇಪ್ಪತ್ತನೇ ತಾರೀಖು ಶೋ ಇಟ್ಕೋಬೇಡಿ ಸರ್

ನಮ್ಮ ಕಡೆ ಮದುವೆ ಮುಂಜಿಗೆ ಹೋದ್ರೆ ನನಗೆ ಎರಡು ಥರದ ಜನ ಸಿಗ್ತಾರೆ. ಒಬ್ರು "ಇನ್ನೂ ನಾಟಕ ಗೀಟಕ ಅಂತ ಓಡಾಡ್ತಿದ್ದೀಯಾ, ಯಾವಾಗಮ್ಮಾ ಬಿಡೋದು" ಅನ್ನೋರು, ಇನ್ನೊಬ್ರು "ಇಷ್ಟು ಚೆನ್ನಾಗಿ ಮಾಡ್ತೀಯ, ಆ ಲೆಕ್ಕದ ಕೆಲಸ ಬಿಟ್ಟು ಫುಲ್ ಟೈಮ್ ಆಗ್ಬಾರ್ದಾ" ಅನ್ನೋರು. ಎರಡನೇಯವರು ಮೊದಲನೇಯವರಿಗಿಂತ ಡೇಂಜರ್, ಯಾಕಂದ್ರೆ ಅವರು ಪ್ರೀತಿಯಿಂದ ಹೇಳ್ತಾರೆ, ಮತ್ತೆ ಅವರು ಹೇಳಿದ ರಾತ್ರಿ ಮಲಗಿದ್ರೆ ನಿದ್ದೆ ಬರಲ್ಲ. ಆದ್ರೆ ಇಬ್ಬರೂ ಕೇಳ್ತಿರೋದು ಒಂದೇ, ಎರಡು ದೋಣಿ ಮೇಲೆ ಕಾಲಿಟ್ಟಿದ್ದೀಯ, ಯಾವುದಾದ್ರೂ ಒಂದ್ರಿಂದ ಕಾಲು ತೆಗಿ ಅಂತ. ಸುಮಾರು ವರ್ಷದಿಂದ ಹಿಂಗೇ ನಿಂತಿದ್ದೀನಿ, ಬಿದ್ದಿಲ್ಲ, ಹಂಗಾಗಿ ಇದರ ಬಗ್ಗೆ ಸ್ವಲ್ಪ ಬರೆಯೋ ಹಕ್ಕು ನನಗಿದೆ ಅಂದ್ಕೊಂಡಿದ್ದೀನಿ.

ನಾನು ಜಯನಗರದಲ್ಲಿ ಒಬ್ಬರು ಆಡಿಟರ್ ಹತ್ರ ಕೆಲಸ ಮಾಡ್ತೀನಿ. ಸಿಎ ಅಲ್ಲ, ಬಿಕಾಂ ಮಾಡಿ ಸೇರಿದವಳು, ಜಿಎಸ್‌ಟಿ, ಟಿಡಿಎಸ್ (ದುಡ್ಡು ಕೊಡುವಾಗ್ಲೇ ಮುರ್ಕೊಂಡು ಸರ್ಕಾರಕ್ಕೆ ಕಟ್ಟೋ ತೆರಿಗೆ) ಎಲ್ಲ ನಾನೇ ನೋಡೋದು. ಸಂಜೆ ಹವ್ಯಾಸಿ ತಂಡದಲ್ಲಿ ನಟಿ. ತಾಲೀಮು ಹನುಮಂತನಗರದ ಕಡೆ ಒಂದು ಸ್ಕೂಲ್ ಹಾಲಲ್ಲಿ, ಆರೂವರೆ ಅಂತ ಹೇಳ್ತಾರೆ, ಏಳಕ್ಕೆ ಶುರುವಾಗತ್ತೆ, ಒಂಬತ್ತೂವರೆಗೆ ವಾಚ್‌ಮನ್ ಬಂದು ಲೈಟ್ ಆರಿಸ್ತಾನೆ. ಮಧ್ಯೆ ಮಧ್ಯೆ ಡಬ್ಬಿಂಗು, ಯಾವಾಗ್ಲೋ ಒಂದು ಸೀರಿಯಲ್ ಪಾತ್ರ. ಇಷ್ಟೇ ನನ್ನ "ಕಲಾ ಜೀವನ", ಹೆಚ್ಚು ಕಟ್ಟಿ ಹೇಳೋಕೆ ಏನಿಲ್ಲ.

ನಾನು ಹೇಳ್ಬೇಕು ಅಂತಿರೋದು ಒಂದೇ. ಎಲ್ರೂ ಕಲೆ ಮತ್ತೆ ಕೆಲಸದ ನಡುವೆ ಜಗಳ ದುಡ್ಡಿಂದು ಅಂದ್ಕೋತಾರೆ. ಅಲ್ಲ. ಜಗಳ ಗಡಿಯಾರದ್ದು. ಕೆಲಸ ಎಷ್ಟು ಕೊಡತ್ತೆ ಅನ್ನೋದಕ್ಕಿಂತ ಎಷ್ಟೊತ್ತಿಗೆ ಬಿಡತ್ತೆ, ಮತ್ತೆ ಅದು ಬಿಡೋ ಹೊತ್ತು ನನಗೆ ಮುಂಚೆನೇ ಗೊತ್ತಿರತ್ತಾ, ಇದರ ಮೇಲೆ ನಿಂತಿದೆ ಎಲ್ಲ.

ನಮ್ಮ ಆಫೀಸಿನ ತಿಂಗಳು ನೋಡಿ. ಏಳನೇ ತಾರೀಖು ಟಿಡಿಎಸ್ ಕಟ್ಬೇಕು. ಹನ್ನೊಂದಕ್ಕೆ ಜಿಎಸ್‌ಟಿ ಆರ್ ಒನ್, ಅಂದ್ರೆ ಮಾರಾಟದ ಲೆಕ್ಕ. ಇಪ್ಪತ್ತಕ್ಕೆ ತ್ರೀ ಬಿ, ಅಂದ್ರೆ ಆ ತಿಂಗಳ ಜಿಎಸ್‌ಟಿ ಕಟ್ಟೋ ರಿಟರ್ನ್. ಆ ಮೂರು ದಿನ ಮತ್ತೆ ಅದರ ಹಿಂದಿನ ದಿನ ನಾನು ಮನುಷ್ಯಳಲ್ಲ. ಕ್ಲೈಂಟುಗಳು ತಿಂಗಳೆಲ್ಲಾ ಬಿಲ್ ಕಳಿಸ್ರಪ್ಪಾ ಅಂದ್ರೆ ಕಳಿಸಲ್ಲ, ಹತ್ತೊಂಬತ್ತಕ್ಕೆ ರಾತ್ರಿ ವಾಟ್ಸಾಪಲ್ಲಿ ಫೋಟೋ ತೆಗೆದು ಒಂದೊಂದೇ ಕಳಿಸ್ತಾರೆ, ಅರ್ಧ ಫೋಟೋದಲ್ಲಿ ಅವರ ಹೆಬ್ಬೆರಳೇ ಕಾಣತ್ತೆ. ಆದ್ರೆ ಇದರಲ್ಲಿ ಒಂದು ಸುಖ ಇದೆ, ಏನಪ್ಪಾ ಅಂದ್ರೆ ಈ ತಾರೀಖುಗಳು ಜನವರಿಯಲ್ಲೇ ಗೊತ್ತಿರತ್ತೆ. ನಮ್ಮ ಡೈರೆಕ್ಟರ್ ಹೊಸ ನಾಟಕ ಅಂದ ತಕ್ಷಣ ನಾನು ಮೊದಲು ಹೇಳೋ ಡೈಲಾಗೇ "ಇಪ್ಪತ್ತನೇ ತಾರೀಖು ಶೋ ಇಟ್ಕೋಬೇಡಿ ಸರ್" ಅಂತ. ಮೊದಮೊದಲು ಅವರಿಗೆ ಸಿಟ್ಟು ಬರ್ತಿತ್ತು, ಈಗ ಅವರೇ ಡೇಟ್ ಬರೆಯುವಾಗ "ಇಪ್ಪತ್ತು ಬೇಡಪ್ಪ, ನಮ್ಮ ರಾಣಿ ಕಡೆ ಜಿಎಸ್‌ಟಿ ಇದೆ" ಅಂತಾರೆ.

ಒಂದ್ಸಲ ಮಾತ್ರ ಆಗ್ಲೇ ಇಲ್ಲ. ಹಾಲ್ ಸಿಕ್ಕಿದ್ದೇ ಇಪ್ಪತ್ತೊಂದಕ್ಕೆ, ಅಂದ್ರೆ ಜಿಆರ್, ವೇಷ ಬಣ್ಣ ಎಲ್ಲ ಹಾಕಿ ಮಾಡೋ ಗ್ರ್ಯಾಂಡ್ ರಿಹರ್ಸಲ್, ಇಪ್ಪತ್ತರ ರಾತ್ರಿ. ಹಾಲ್ ಡೇಟು ನಾವು ಕೇಳಿದಂಗೆಲ್ಲಿ ಸಿಗತ್ತೆ, ಕಲಾಕ್ಷೇತ್ರನೋ ಕಲಾಸೌಧನೋ ಯಾವುದು ಖಾಲಿ ಅಂತಾರೋ ಅದೇ ನಮ್ಮ ಮುಹೂರ್ತ. ಮೂರು ಕ್ಲೈಂಟಿಂದು ಬಾಕಿ ಇತ್ತು, ಲ್ಯಾಪ್‌ಟಾಪ್ ಗ್ರೀನ್ ರೂಮಿಗೇ ತಂದಿದ್ದೆ. ಇಪ್ಪತ್ತರ ಸಂಜೆ ಆ ಜಿಎಸ್‌ಟಿ ಪೋರ್ಟಲ್ ಹೆಂಗಿರತ್ತೆ ಅಂತ ಈ ಫೀಲ್ಡಲ್ಲಿ ಇರೋರಿಗೆ ಗೊತ್ತು, ಇಡೀ ದೇಶ ಒಟ್ಟಿಗೆ ಅದರ ಮೇಲೆ ಬಿದ್ದಿರತ್ತೆ, ಚಕ್ರ ತಿರುಗ್ತಾನೇ ಇರತ್ತೆ. ನಾನು ರಾಣಿ ಪಾತ್ರ, ತಲೆ ಮೇಲೆ ಅರ್ಧ ಕಟ್ಟಿರೋ ಕಿರೀಟ, ಮೇಕಪ್‌ನವರು ಹಿಂದೆ ನಿಂತು ಪಿನ್ ಹಾಕ್ತಿದಾರೆ, ನಾನು ಫೋನಲ್ಲಿ "ಅಣ್ಣಾ ಒಟಿಪಿ ಬಂತಾ ನೋಡಿ, ಆರು ನಂಬರ್, ಬೇಗ ಹೇಳಿ ಅಣ್ಣಾ ಎಕ್ಸ್‌ಪೈರ್ ಆಗತ್ತೆ" ಅಂತಿದೀನಿ. ಅವರದು ಚಿಕ್ಕಪೇಟೆಯಲ್ಲಿ ಪ್ಲೈವುಡ್ ಅಂಗಡಿ. ಅತ್ತಿಂದ "ಮೇಡಂ ಹಿಂದೆ ಏನೋ ನಗಾರಿ ಹೊಡೀತಿದಾರಲ್ಲಾ, ಜಾತ್ರೆಗೆ ಹೋಗಿದೀರಾ" ಅಂದ್ರು. ಅದೇ ಟೈಮಿಗೆ ಸೈಡ್ ವಿಂಗಿಂದ ನನ್ನ ಎಂಟ್ರಿ ಅಂತ ಕೂಗು. ಲ್ಯಾಪ್‌ಟಾಪ್ ನಮ್ಮ ಸೇವಕಿ ಪಾತ್ರದ ಹುಡುಗಿ ಕೈಗೆ ಕೊಟ್ಟು "ಗ್ರೀನ್ ಬಟನ್ ಬಂದ್ರೆ ಒತ್ತೇ" ಅಂತ ಹೇಳಿ ಓಡಿದೆ. ಒತ್ತಿದ್ಲು ಪುಣ್ಯಾತ್ಗಿತ್ತಿ. ಮುಂದಿನ ದಿನ ಶೋನೂ ಚೆನ್ನಾಗಾಯ್ತು, ಪ್ಲೈವುಡ್ ಅಣ್ಣನಿಗೆ ಲೇಟ್ ಫೀನೂ ಬೀಳಲಿಲ್ಲ.

ಮಾರ್ಚ್ ಬಗ್ಗೆ ಕೇಳ್ಲೇಬೇಡಿ. ಮಾರ್ಚ್ 27 ವಿಶ್ವ ರಂಗಭೂಮಿ ದಿನ, 1962ರಿಂದ ಆಚರಿಸ್ಕೊಂಡು ಬಂದಿದ್ದಾರೆ. ಇಷ್ಟು ದೊಡ್ಡ ಕ್ಯಾಲೆಂಡರಲ್ಲಿ ಇಯರ್ ಎಂಡಿಂಗಿಗೆ ನಾಲ್ಕು ದಿನ ಮುಂಚೆನೇ ಯಾಕೆ ಬೇಕಿತ್ತೋ ಅಂತ ಪ್ರತಿ ವರ್ಷ ಬೈಕೋತೀನಿ. ಜುಲೈ ರಿಟರ್ನ್ಸ್ ಸೀಸನ್, ಸೆಪ್ಟೆಂಬರ್ ಆಡಿಟ್ ಸೀಸನ್. ಉಳಿದಿದ್ದು ನವೆಂಬರ್‌ನಿಂದ ಫೆಬ್ರವರಿ ತನಕ, ಅದೃಷ್ಟಕ್ಕೆ ನಾಟಕಕ್ಕೂ ಅದೇ ಒಳ್ಳೇ ಕಾಲ, ಊರುಗಳಲ್ಲಿ ನಾಟಕೋತ್ಸವ ಎಲ್ಲ ಆವಾಗ್ಲೇ ಇರತ್ತೆ.

ನಮ್ಮ ತಂಡದಲ್ಲಿ ಒಬ್ಬರು ಹಿರಿಯರಿದ್ದಾರೆ, ಎಪ್ಪತ್ತು ದಾಟಿದೆ, ಎಲ್ರೂ ಅಂಕಲ್ ಅಂತೀವಿ. ಜಾಲಹಳ್ಳಿ ಕಡೆ ಫ್ಯಾಕ್ಟರಿಯಲ್ಲಿ ಟೂಲ್ ರೂಮಲ್ಲಿದ್ದು ರಿಟೈರ್ ಆದವರು. ಅವರ ಹತ್ರ ಕೂತ್ಕೊಂಡು ಹಳೇ ಕಥೆ ಕೇಳಿದ ಮೇಲೇ ನನಗೆ ಈ ಗಡಿಯಾರದ ವಿಷಯ ಪೂರ್ತಿ ಅರ್ಥ ಆಗಿದ್ದು. ಬೆಳಗ್ಗೆ ಷಿಫ್ಟಿಗೆ ಹೋದ್ರೆ ಮಧ್ಯಾಹ್ನ ಮೂರು ಮೂರೂವರೆಗೆ ಸೈರನ್ ಆಗೋದಂತೆ, ಕಂಪನಿ ಬಸ್ಸಲ್ಲಿ ರಾಜಾಜಿನಗರಕ್ಕೆ ಬಂದು ಇಳಿದು ಮುಖ ತೊಳೆದು ಕಾಫಿ ಕುಡಿದು ಐದೂವರೆಗೆ ತಾಲೀಮಿಗೆ ಹಾಜರ್. ಸೈರನ್ ಆದ ಮೇಲೆ ಯಾವ ಮೇಲಧಿಕಾರಿನೂ ಫೋನ್ ಮಾಡಂಗಿಲ್ಲ, ಫೋನೇ ಇರ್ಲಿಲ್ಲ.

ಬೆಂಗಳೂರಲ್ಲಿ ಈ ಫ್ಯಾಕ್ಟರಿಗಳು ಬಂದಿದ್ದು ನೋಡಿ, ಎಚ್‌ಎಎಲ್ 1940, ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಆಮೇಲೆ ಬ್ಯಾಂಕುಗಳು, ಎಲ್‌ಐಸಿ, ಸರ್ಕಾರದ ಲೆಕ್ಕ ನೋಡೋ ಎಜಿ ಆಫೀಸು, ಕಾಲೇಜು ಮೇಷ್ಟ್ರುಗಳು. ಎಲ್ಲ ಕಡೆ ಕನ್ನಡ ಸಂಘ, ಲಲಿತಕಲಾ ಸಂಘ, ವರ್ಷಕ್ಕೊಂದು ನಾಟಕ ಸ್ಪರ್ಧೆ. ಕಲಾಕ್ಷೇತ್ರ 1963ರಲ್ಲಿ ಶುರುವಾದಾಗ ಅದರ ಸ್ಟೇಜ್ ಹತ್ತಿದ ಹವ್ಯಾಸಿಗಳಲ್ಲಿ ಎಷ್ಟೋ ಜನ ಮಧ್ಯಾಹ್ನದ ತನಕ ಲೇತ್ ಮುಂದೆನೋ ಲೆಡ್ಜರ್ ಮುಂದೆನೋ ಇದ್ದು ಬಂದವರೇ. ಎಪ್ಪತ್ತು ಎಂಬತ್ತರ ದಶಕದ ಹವ್ಯಾಸಿ ರಂಗಭೂಮಿ ಬಗ್ಗೆ ಮಾತಾಡುವಾಗ ನಾವು ನಿರ್ದೇಶಕರ ಹೆಸರು ಹೇಳ್ತೀವಿ, ನಾಟಕಕಾರರ ಹೆಸರು ಹೇಳ್ತೀವಿ, ಹೇಳ್ಬೇಕು ಕೂಡ, ಆದ್ರೆ ಆ ಮೂರೂವರೆ ಸೈರನ್‌ಗೆ ಯಾರೂ ಒಂದು ಹಾರ ಹಾಕಿಲ್ಲ. ಸರ್ಕಾರದ ಅನುದಾನಕ್ಕಿಂತ ಜಾಸ್ತಿ ಅದು ಕೊಟ್ಟಿದೆ ಅಂತ ನನ್ನ ಲೆಕ್ಕ.

ದೊಡ್ಡವರದ್ದೂ ಹಂಗೇ ಇದೆ. ಗಿರೀಶ್ ಕಾರ್ನಾಡ್ ಮದ್ರಾಸಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ 1963ರಿಂದ 1970ರ ತನಕ ಕೆಲಸದಲ್ಲಿದ್ರು, ನಾಟಕ ಬರೀತಾನೇ ಇದ್ರು. ದತ್ತಣ್ಣ ಏರ್‌ಫೋರ್ಸಲ್ಲಿದ್ದು ಆಮೇಲೆ ಎಚ್‌ಎಎಲ್ ಸೇರಿ, ಸಿನಿಮಾದಲ್ಲಿ ಜನ ಅವರನ್ನ ಗುರುತಿಸೋ ಹೊತ್ತಿಗೆ ನಲವತ್ತು ದಾಟಿತ್ತು. ಇದನ್ನ ನಮ್ಮ ತಂಡದ ಹುಡುಗರಿಗೆ ಹೇಳಿದ್ರೆ "ಅಕ್ಕ, ಆವಾಗಿನ ಕೆಲಸ ಬೇರೆ ಬಿಡಿ" ಅಂತಾರೆ. ಸರಿನೇ.

ಈಗಿನ ಕೆಲಸದ ಅವತಾರ ನೋಡಿ. ನಮ್ಮಲ್ಲಿ ಐಟಿ ಹುಡುಗ ಒಬ್ಬ ಇದ್ದಾನೆ, ಕಂಠ ಅಂದ್ರೆ ಕಂಠ, ಅವನು ಬಾಯಿ ತೆಗೆದ್ರೆ ಹಿಂದಿನ ಸಾಲಿನವರೂ ಎದ್ದು ಕೂರ್ತಾರೆ. ಸಂಬಳ ನನ್ನ ಮೂರರಷ್ಟು ಇರ್ಬೋದು. ಆದ್ರೆ ಎಂಟೂವರೆಗೆ ಅಮೆರಿಕದವರ ಕಾಲ್. ಸರಿಯಾಗಿ ಎರಡನೇ ಅಂಕಕ್ಕೆ ಬರೋ ಹೊತ್ತಿಗೆ ಅವನು ಸ್ಕೂಲ್ ಕಾರಿಡಾರಲ್ಲಿ ಇಯರ್‌ಫೋನ್ ಹಾಕ್ಕೊಂಡು ನಿಂತಿರ್ತಾನೆ, ಅವನ ಪಾರ್ಟಿಗೆ ಪ್ರಾಕ್ಸಿ ಬೇರೆ ಯಾರೋ ಓದ್ತಾರೆ. ಪ್ರಾಕ್ಸಿ ಓದೋವ್ನ ಎದುರು ನಿಂತು ನಾನು ಅಳ್ಬೇಕು. ಅವನು ಕ್ಯೂ ಕೊಡುವಾಗ ಪುಸ್ತಕದಿಂದ ತಲೆನೇ ಎತ್ತಲ್ಲ, ನಾನು ಯಾರನ್ನ ನೋಡ್ಕೊಂಡು ಅಳ್ಲಿ ಹೇಳಿ. ಕೊನೇ ವಾರ ರಜೆ ಹಾಕಿ ಬರ್ತಾನೆ, ಮಾತು ಎಲ್ಲ ಬಾಯಿಪಾಠ ಇರತ್ತೆ, ಬ್ಲಾಕಿಂಗೂ, ಅಂದ್ರೆ ಸ್ಟೇಜ್ ಮೇಲೆ ಯಾವಾಗ ಎಲ್ಲಿ ನಿಲ್ಬೇಕು ಅನ್ನೋದೂ ಗೊತ್ತು, ಆದ್ರೆ ನಮ್ಮಿಬ್ಬರ ನಡುವೆ ತಿಂಗಳುಗಟ್ಟಲೆ ತಾಲೀಮಲ್ಲಿ ತಾನಾಗೇ ಹುಟ್ಕೋಬೇಕಿತ್ತಲ್ಲ ಒಂದು ಕೊಡು ತಗೋ, ಅದು ಇರಲ್ಲ. ಜನಕ್ಕೆ ಗೊತ್ತಾಗತ್ತೋ ಇಲ್ವೋ, ನಮಗೆ ಗೊತ್ತಾಗತ್ತೆ.

ಇನ್ನೊಬ್ಬ ಫುಡ್ ಡೆಲಿವರಿ ಮಾಡ್ತಾನೆ. ಅವನು ಆ ಕೆಲಸ ಹಿಡಿದಿದ್ದೇ ನಾಟಕಕ್ಕೆ ಅನುಕೂಲ ಅಂತ, ನಿಮಗೆ ಬೇಕಾದಾಗ ಆನ್ ಮಾಡಿ ಬೇಡದಾಗ ಆಫ್ ಮಾಡಿ ಅಂತ ಹೇಳಿದ್ರಂತೆ. ಆದ್ರೆ ಜನ ಊಟ ಆರ್ಡರ್ ಮಾಡೋದು ಯಾವಾಗ? ರಾತ್ರಿ ಏಳೂವರೆಯಿಂದ ಹತ್ತು. ದುಡಿಮೆ ಇರೋದೇ ಆವಾಗ, ಇನ್ಸೆಂಟಿವ್ ಕೊಡೋದೂ ಆವಾಗ, ಶನಿವಾರ ಭಾನುವಾರ ಬೇರೆ ಜಾಸ್ತಿ. ಅದೇ ನಮ್ಮ ತಾಲೀಮಿನ ಹೊತ್ತು, ಅದೇ ನಮ್ಮ ಶೋ ದಿನ. ಅಂದ್ರೆ ಒಂದೊಂದು ದಿನ ತಾಲೀಮಿಗೆ ಬಂದ್ರೂ ಅವನ ಜೇಬಿಂದ ದುಡ್ಡು ಹೋಗ್ತಿದೆ ಅಂತ ಅರ್ಥ. ಹೆಸರಿಗೆ ಸ್ವತಂತ್ರ ಕೆಲಸ, ಆದ್ರೆ ಅಂಕಲ್‌ನ ಸೈರನ್ ಕೊಟ್ಟಷ್ಟು ಸ್ವಾತಂತ್ರ್ಯ ಅದು ಕೊಡಲ್ಲ. ಆ ಹುಡುಗ ಈಗ ಮಧ್ಯಾಹ್ನದ ಊಟದ ಹೊತ್ತು ಮಾತ್ರ ಓಡಿಸ್ತಾನೆ, ಜೊತೆಗೆ ಬೆಳಗ್ಗೆ ಪೇಪರ್ ಲೈನ್ ಹಾಕ್ತಾನೆ. ತಾಲೀಮಲ್ಲಿ ಡೈರೆಕ್ಟರ್ ನೋಟ್ಸ್ ಕೊಡುವಾಗ ಗೋಡೆಗೆ ಒರಗಿ ನಿದ್ದೆ ಹೊಡೀತಿರ್ತಾನೆ, ಯಾರೂ ಎಬ್ಬಿಸಲ್ಲ.

ಹಂಗಾದ್ರೆ ಫುಲ್ ಟೈಮ್ ಆಗೋದು ಸಾಧ್ಯನೇ ಇಲ್ವಾ ಅಂದ್ರೆ, ಇದೆ. ಕಂಪನಿ ನಾಟಕದ ಕಾಲದಲ್ಲಿ ಅದೇ ಬದುಕು, ಗುಬ್ಬಿ ಕಂಪನಿಯಂಥ ಕಡೆ ನಟರು ಸಂಸಾರ ಸಮೇತ ಊರೂರು ತಿರುಗಿದ್ದಾರೆ. ಈಗಲೂ ಮೈಸೂರಿನ ರಂಗಾಯಣ ಇದೆ, 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು, ಅಲ್ಲಿ ನಟನೆಗೇ ಸಂಬಳ. ಹೆಗ್ಗೋಡಿನ ನೀನಾಸಮ್‌ನ ತಿರುಗಾಟ, ಅಂದ್ರೆ ಊರೂರು ಸುತ್ತಿ ನಾಟಕ ಆಡೋ ತಂಡ, 1985ರಿಂದ ನಡೀತಿದೆ, ಅಂಥದ್ದೇ ಸಾಣೇಹಳ್ಳಿಯ ಶಿವಸಂಚಾರ ಇದೆ. ನನ್ನ ಗೆಳತಿ ಒಬ್ಬಳು ಹೆಗ್ಗೋಡಲ್ಲಿ ಒಂದು ವರ್ಷದ ಕೋರ್ಸ್ ಮಾಡಿ ಆಮೇಲೆ ತಿರುಗಾಟಕ್ಕೂ ಹೋಗಿ ಬಂದ್ಲು. ಅವಳು ಸ್ಟೇಜ್ ಮೇಲೆ ಸುಮ್ನೆ ನಡ್ಕೊಂಡು ಬಂದ್ರೂ ನಾನು ಗುರುತಿಸ್ತೀನಿ, ಇವಳು ದಿನಾ ಇದನ್ನೇ ಮಾಡಿದವಳು ಅಂತ. ಪಾದ ನೆಲದ ಮೇಲೆ ಬೀಳೋ ರೀತಿನೇ ಬೇರೆ. ನನಗೆ ಹೊಟ್ಟೆಕಿಚ್ಚಾಗತ್ತೆ, ಇದನ್ನ ಅವಳಿಗೂ ಹೇಳಿದ್ದೀನಿ.

ಆದ್ರೆ ತಿರುಗಾಟ ಮುಗಿದ ಮೇಲೆ ಅವಳು ಬೆಂಗಳೂರಿಗೇ ಬಂದ್ಲು. ಈಗ ಎರಡು ಪ್ರೈವೇಟ್ ಸ್ಕೂಲಲ್ಲಿ ಡ್ರಾಮಾ ಕ್ಲಾಸು, ಏಪ್ರಿಲ್ ಮೇ ಎರಡು ತಿಂಗಳು ಮಕ್ಕಳ ಬೇಸಿಗೆ ಶಿಬಿರ, ಡಿಸೆಂಬರಲ್ಲಿ ಸ್ಕೂಲ್ ಡೇ. ವರ್ಷದ ಸಂಪಾದನೆಯಲ್ಲಿ ದೊಡ್ಡ ಪಾಲು ಆ ಶಿಬಿರದಿಂದಾನೇ ಬರೋದು. ಸ್ಕೂಲ್ ಡೇಗೆ ಮುನ್ನೂರು ಮಕ್ಕಳನ್ನೂ ಸ್ಟೇಜ್ ಹತ್ತಿಸ್ಬೇಕು, ಇಲ್ಲಾಂದ್ರೆ ಪೇರೆಂಟ್ಸ್ ಗಲಾಟೆ, ಹಂಗಾಗಿ ಒಂದು ಕಾಡು, ಕಾಡಲ್ಲಿ ನೂರು ಮರ, ಎಂಬತ್ತು ಮೊಲ. "ಫುಲ್ ಟೈಮ್ ರಂಗಭೂಮಿ ಕಣೇ, ಆದ್ರೆ ನಾನು ನಟಿಸಿ ಎರಡು ವರ್ಷ ಆಯ್ತು" ಅಂದ್ಲು ಒಂದಿನ, ನಗ್ತಾನೇ ಅಂದಿದ್ದು. ಅವಳದ್ದೂ ಕೊನೆಗೆ ಕೆಲಸ ಮತ್ತೆ ಕಲೆ ಬೇರೆ ಬೇರೆನೇ ಆಯ್ತಲ್ಲ, ಏನಂದ್ರೆ ಎರಡರ ಮೇಲೂ ನಾಟಕ ಅನ್ನೋ ಬೋರ್ಡಿದೆ. ಮೊಲಗಳ ಜೊತೆ ಸಂಜೆ ತನಕ ಕೂಗಿ ಬಂದ ಗಂಟಲಲ್ಲಿ ರಾತ್ರಿ ತಾಲೀಮಿಗೆ ಏನು ಉಳಿದಿರತ್ತೆ? ನನ್ನ ಕೆಲಸದಲ್ಲಿ ಅದೊಂದು ಲಾಭ, ಎಕ್ಸೆಲ್ ಶೀಟ್ ಮುಂದೆ ಬಾಯಿ ತೆಗೆಯೋ ಹಂಗೇ ಇಲ್ಲ, ಸಂಜೆಗೆ ಗಂಟಲು ಫ್ರೆಶ್ ಆಗಿರತ್ತೆ.

ದುಡ್ಡಿನ ವಿಷಯ ಹೇಳ್ದೇ ಇದ್ರೆ ಲೆಕ್ಕದವಳು ಅಂತ ಯಾರು ನಂಬ್ತಾರೆ. ನಮ್ಮ ತಂಡದಲ್ಲಿ ಒಂದು ಶೋಗೆ ನಟರಿಗೆ ಸಾವಿರ ರೂಪಾಯಿ ಕೊಡ್ತಾರೆ, ಅದೂ ಹಾಲ್ ಬಾಡಿಗೆ, ಲೈಟು, ಸೆಟ್ಟು ಸಾಗಿಸೋ ಟೆಂಪೋ, ಮೇಕಪ್ಪು, ಹಾರ್ಮೋನಿಯಂ ತಬಲಾದವರು ಎಲ್ಲ ಕಳೆದು ಉಳಿದ್ರೆ. ಎರಡು ತಿಂಗಳ ತಾಲೀಮಿಗೆ ಸ್ಕೂಟರ್ ಪೆಟ್ರೋಲು, ನಡುವಿನ ಟೀ ಬೋಂಡಾ ಸೇರಿಸಿದ್ರೆ ಆ ಸಾವಿರ ಮೊದಲನೇ ವಾರದಲ್ಲೇ ಖಾಲಿ. ಟಿಕೆಟ್ ಇನ್ನೂರು ಇಟ್ರೆ "ನಾಟಕಕ್ಕೆ ಇನ್ನೂರಾ" ಅಂತಾರೆ, ಅದೇ ಜನ ಮಾಲಲ್ಲಿ ಪಾಪ್‌ಕಾರ್ನಿಗೆ ಅದಕ್ಕಿಂತ ಜಾಸ್ತಿ ಕೊಟ್ಟು ಬಂದಿರ್ತಾರೆ. ಒಂದು ಸಂತೋಷದ ಸುದ್ದಿ ಏನಂದ್ರೆ ನಾಟಕದ ಟಿಕೆಟ್ ಐನೂರು ರೂಪಾಯಿ ಒಳಗಿದ್ರೆ ಜಿಎಸ್‌ಟಿ ಇಲ್ಲ, ನಮ್ಮಂಥ ತಂಡಕ್ಕೆ ಆ ಗಡಿ ದಾಟೋ ಯೋಗ ಯಾವ ಜನ್ಮಕ್ಕೋ.

ಸೀರಿಯಲ್‌ನಲ್ಲಿ ದುಡ್ಡಿದೆ, ಹೌದು. ಒಂದು ದಿನಕ್ಕೆ ನನಗೆ ಕೊಟ್ಟಿದ್ದು ನಾಟಕದ ನಾಲ್ಕು ಶೋಗೆ ಸಮ. ಆದ್ರೆ ಕೇಳಿ. ಬೆಳಗ್ಗೆ ಒಂಬತ್ತಕ್ಕೆ ಮೇಕಪ್ ಹಾಕ್ಕೊಂಡು ರೆಡಿ ಇರ್ಬೇಕು, ರಾತ್ರಿ ಒಂಬತ್ತಕ್ಕೆ ಪ್ಯಾಕಪ್. ನನ್ನ ಸೀನು ಮಧ್ಯಾಹ್ನ ಮೂರಕ್ಕೂ ಬರ್ಬೋದು, ಸಂಜೆ ಏಳಕ್ಕೂ ಬರ್ಬೋದು, ಬರದೇನೂ ಇರ್ಬೋದು. ನಾಯಕಿಯ ಚಿಕ್ಕಮ್ಮನ ಪಾತ್ರ ಆದ್ರಿಂದ ಸೀರೆ ನಮ್ಮದೇ ತರ್ಬೇಕು, ಒಂದ್ಸಲ ಉಟ್ಟಿದ್ದು ಮತ್ತೆ ಉಡಂಗಿಲ್ಲ, ಕಂಟಿನ್ಯೂಟಿ ಇದ್ರೆ, ಅಂದ್ರೆ ಅದೇ ಸೀನು ಇನ್ನೊಂದು ದಿನ ಮುಂದುವರಿದ್ರೆ ಮಾತ್ರ ಅದೇ ಸೀರೆ, ಆಗ ಅದು ಒಗೆಯೋಕೆ ಹಾಕಿರ್ಬಾರ್ದು. ನಮ್ಮತ್ತೆ ಬೀರುವಿನ ರೇಷ್ಮೆ ಸೀರೆಗಳೆಲ್ಲ ಟಿವಿಯಲ್ಲಿ ಬಂದಿವೆ. ಅವರು ಎಪಿಸೋಡ್ ನೋಡೋದೇ "ಅದು ನನ್ನ ನಾದಿನಿ ಮದುವೇದು ಕಣೇ" ಅಂತ ಸೀರೆ ಗುರುತು ಹಿಡಿಯೋಕೆ. ನನ್ನ ನಟನೆ ಬಗ್ಗೆ ಅವರ ಅಭಿಪ್ರಾಯ ಇದುವರೆಗೂ ಸಿಕ್ಕಿಲ್ಲ.

ಇದೆಲ್ಲ ತಡ್ಕೋಬೋದು. ತಡ್ಕೊಳ್ಳೋಕೆ ಆಗದೇ ಇದ್ದಿದ್ದು, ನಾಳೆ ಶೂಟಿಂಗ್ ಇದೆಯಾ ಇಲ್ವಾ ಅಂತ ಇವತ್ತು ರಾತ್ರಿ ಗೊತ್ತಾಗೋದು. ಹತ್ತು ಗಂಟೆಗೆ ಮೆಸೇಜ್ ಬರತ್ತೆ. ನಮ್ಮ ಆಡಿಟರ್ ಸರ್ ಒಳ್ಳೇವ್ರು, ನಾಟಕಕ್ಕೆ ಬೈದವರಲ್ಲ, ವರ್ಷಕ್ಕೊಂದ್ಸಲ ರಂಗಶಂಕರಕ್ಕೆ ಬಂದು ನೋಡ್ತಾರೆ ಕೂಡ (ಒಂದ್ಸಲ ಐದು ನಿಮಿಷ ತಡವಾಗಿ ಬಂದು ಒಳಗೆ ಬಿಡಲಿಲ್ಲ, ಅಲ್ಲಿ ಏಳೂವರೆ ಅಂದ್ರೆ ಏಳೂವರೆ, "ನಾನು ಕ್ಲೈಂಟಿಗೆ ಲೇಟ್ ಫೀ ಹಾಕಿಸ್ತೀನಿ, ನೀವು ಗೇಟೇ ಹಾಕ್ತೀರಲ್ರೀ" ಅಂದ್ರು). ಆದ್ರೆ ರಾತ್ರಿ ಹತ್ತೂವರೆಗೆ "ಸರ್ ನಾಳೆ ಬರಲ್ಲ" ಅಂತ ಎಷ್ಟು ಸಲ ಅಂತ ಮೆಸೇಜ್ ಹಾಕೋದು. ಮಗಳ ಸ್ಕೂಲ್ ವ್ಯಾನು, ಡಬ್ಬಿ, ಅತ್ತೆ ಬಿಪಿ ಮಾತ್ರೆ, ಇವೆಲ್ಲ ಒಂದಕ್ಕೊಂದು ಹೆಣೆದಿರತ್ತೆ, ಒಂದು ಎಳೆ ರಾತ್ರಿ ಹತ್ತಕ್ಕೆ ಎಳೆದ್ರೆ ಇಡೀದು ಬಿಚ್ಕೊಳತ್ತೆ. ಗಂಡಸು ನಟರಿಗೆ ಇದು ಅಷ್ಟು ಅರ್ಥ ಆಗಲ್ಲ, ಅವರ ಮನೇಲೂ ಯಾರೋ ಒಬ್ಬರು ಆ ಎಳೆ ಹಿಡ್ಕೊಂಡಿರ್ತಾರೆ, ಅವರಿಗೆ ಕಾಣಲ್ಲ ಅಷ್ಟೇ. ನಮ್ಮ ತಂಡದಲ್ಲಿ ಮೂವತ್ತೈದು ದಾಟಿದ ಗಂಡಸರು ಏಳೆಂಟು ಜನ ಇದ್ದಾರೆ, ಹೆಂಗಸರು ನಾನು ಮತ್ತೆ ಇನ್ನೊಬ್ರು. ಪ್ರತಿಭೆ ಕಮ್ಮಿ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ, ಒಂಬತ್ತೂವರೆಗೆ ತಾಲೀಮು ಬಿಟ್ಟು ಹತ್ತಕ್ಕೆ ಮನೆ ಸೇರಿ ಹನ್ನೊಂದಕ್ಕೆ ನಾಳೆ ದೋಸೆ ಹಿಟ್ಟು ರುಬ್ಬೋಕೆ ಹಾಕೋರು ಯಾರು ಅಂತ ಮೊದಲು ಕೇಳ್ಬೇಕು.

ಡಬ್ಬಿಂಗ್ ಬಂದಿದ್ದು ನನ್ನಂಥವರಿಗೆ ವರ ಆಗೋಯ್ತು. ಈ ಮಾತಿಗೆ ಬೈಯೋರಿದ್ದಾರೆ, ಗೊತ್ತು. ಕನ್ನಡದಲ್ಲಿ ದಶಕಗಟ್ಟಲೆ ಡಬ್ಬಿಂಗ್‌ಗೆ ಅಘೋಷಿತ ತಡೆ ಇತ್ತು, 2015ರಲ್ಲಿ ಸಿಸಿಐ ಅಂದ್ರೆ ಸ್ಪರ್ಧಾ ಆಯೋಗ ಇಲ್ಲಿನ ಚಿತ್ರರಂಗದ ಸಂಘಟನೆಗಳಿಗೆ ದಂಡ ಹಾಕಿದ ಮೇಲೆ ನಿಧಾನಕ್ಕೆ ಸಡಿಲ ಆಯ್ತು, 2020ರ ಲಾಕ್‌ಡೌನಲ್ಲಿ ಶೂಟಿಂಗ್ ಎಲ್ಲ ನಿಂತು ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಡಬ್ ಆಗಿ ಬಂದಾಗಂತೂ ಮನೆಮನೆಯಲ್ಲೂ ಅದೇ. ಕನ್ನಡ ಸಿನಿಮಾ ಸೀರಿಯಲ್ ಮಾಡೋರ ಹೊಟ್ಟೆ ಮೇಲೆ ಹೊಡೆತ ಅನ್ನೋ ವಾದ ನನಗೆ ಅರ್ಥ ಆಗತ್ತೆ, ಪೂರ್ತಿ ತಳ್ಳಿಹಾಕಲ್ಲ. ಆದ್ರೆ ರಂಗಭೂಮಿಯಲ್ಲಿ ಪಳಗಿದ ದನಿಗಳಿಗೆ ಮೊದಲನೇ ಸಲ ಗಂಟೆ ಲೆಕ್ಕದಲ್ಲಿ ಕೆಲಸ ಸಿಕ್ತು. ಭಾನುವಾರ ಬೆಳಗ್ಗೆ ಹತ್ತಕ್ಕೆ ಬನ್ನಿ ಅಂದ್ರೆ ಹತ್ತಕ್ಕೇ ಶುರು, ಒಂದೂವರೆಗೆ ಮನೆ. ಸೀರೆ ಬೇಡ, ಮೇಕಪ್ ಬೇಡ, ಹಳೇ ಚೂಡಿದಾರದಲ್ಲಿ ಹೋಗಿ ಕುಂತಿ ಆಗಿ ಅತ್ತು ಬರ್ಬೋದು. ಬಳೆ ಮಾತ್ರ ತೆಗೆದಿಡ್ಬೇಕು, ಮೈಕಿಗೆ ಕೇಳತ್ತೆ. ಪರದೆ ಮೇಲೆ ಬೇರೆ ಭಾಷೆಯವಳ ತುಟಿ ಆಡ್ತಿರತ್ತೆ, ಅವಳು ಬಾಯಿ ಮುಚ್ಚೋ ಹೊತ್ತಿಗೆ ನಮ್ಮ ಕನ್ನಡ ವಾಕ್ಯನೂ ಮುಗೀಬೇಕು, ನಮ್ಮದೋ ಕ್ರಿಯಾಪದ ಕೊನೆಗೆ ಬರೋ ಭಾಷೆ, "ಹೋಗಿಬಿಡುತ್ತೇನೆ" ಅನ್ನೋದು ಅವಳ ಎರಡು ತುಟಿ ಆಟಕ್ಕೆ ಹಿಡಿಸಲ್ಲ, "ಹೊರಟೆ" ಅಂತ ಮಾಡ್ಕೋಬೇಕು. ನಟನೆಗೆ ಇದು ಒಳ್ಳೇ ಸಾಮು, ಉಸಿರು ಎಲ್ಲಿ ತಗೋತೀನಿ ಅನ್ನೋ ಜ್ಞಾನ ನನಗೆ ಬಂದಿದ್ದು ಸ್ಟುಡಿಯೋದಲ್ಲಿ.

ಬಾಯಿಪಾಠ ಹೆಂಗೆ ಮಾಡ್ತೀರಾ ಟೈಮೇ ಇಲ್ವಲ್ಲ ಅಂತ ಕೇಳ್ತಾರೆ. ಎದುರು ಪಾತ್ರದವರ ಮಾತು ಮಾತ್ರ ಫೋನಲ್ಲಿ ರೆಕಾರ್ಡ್ ಮಾಡ್ಕೋತೀನಿ, ನನ್ನ ಮಾತಿಗೆ ಅಷ್ಟು ಹೊತ್ತು ಖಾಲಿ ಬಿಟ್ಟು. ಚಪಾತಿ ಲಟ್ಟಿಸುವಾಗ ಹಾಕಿದ್ರೆ ಆಯ್ತು. ಮಗಳಿಗೆ ನನ್ನ ಮಾತುಗಳು ನನಗಿಂತ ಮುಂಚೆ ಬಂದ್ಬಿಡತ್ತೆ, ಅವಳು ಸ್ನಾನದ ಮನೆಯಿಂದ "ಎಲವೋ ಮಂತ್ರಿ" ಅಂತ ಕಿರುಚ್ತಾಳೆ. ಆಫೀಸಲ್ಲಿ ನಾಟಕದ ಕುರುಹು ಉಳೀಬಾರ್ದು ಅಂತ ನನ್ನದೊಂದು ನಿಯಮ ಇದೆ, ಪೂರ್ತಿ ಪಾಲಿಸೋಕೆ ಆಗಲ್ಲ. ಶೋ ಮುಗಿದ ರಾತ್ರಿ ಎಷ್ಟು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ್ರೂ ಕಿವಿ ಹಿಂದೆ ಒಂದು ಗೆರೆ ಬಣ್ಣ ಉಳಿಯತ್ತೆ, ಕಣ್ಣಿನ ಕಾಡಿಗೆ ಎರಡು ದಿನ ಹೋಗಲ್ಲ. ಮುದುಕಿ ಪಾತ್ರ ಮಾಡಿದ ಮಾರನೇ ದಿನ ಕೂದಲಿಗೆ ಹಚ್ಚಿದ ಬಿಳಿ ಇನ್ನೂ ಬುಡದಲ್ಲಿತ್ತು. ಕ್ಲೈಂಟ್ ಒಬ್ಬರು ಬಹಳ ಹೊತ್ತು ನೋಡಿ, "ಮೇಡಂ, ನಮ್ಮ ಫೈಲಿಂದ ನಿಮಗೆ ಇಷ್ಟು ಟೆನ್ಷನ್ ಆಗ್ತಿದೆ ಅಂತ ಗೊತ್ತಿರ್ಲಿಲ್ಲ" ಅಂದ್ರು, ಮುಂದಿನ ತಿಂಗಳು ಬಿಲ್ ಎಲ್ಲ ಐದನೇ ತಾರೀಖಿಗೇ ಕಳಿಸಿದ್ರು. ಇದನ್ನ ನಮ್ಮ ಸರ್‌ಗೆ ಹೇಳಿದ್ರೆ, ಹಂಗಾದ್ರೆ ಪ್ರತಿ ತಿಂಗಳು ಮುದುಕಿ ಪಾತ್ರನೇ ಮಾಡಮ್ಮ ಅಂದ್ರು.

ಎರಡು ವರ್ಷದ ಹಿಂದೆ ಒಂದು ದೊಡ್ಡ ಕಂಪನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಕರೆದಿದ್ರು, ಸಂಬಳ ಈಗಿನದಕ್ಕಿಂತ ಹೆಚ್ಚುಕಮ್ಮಿ ದುಪ್ಪಟ್ಟು. ಇಂಟರ್‌ವ್ಯೂನಲ್ಲಿ ನಿಮಗೇನಾದ್ರೂ ಕೇಳೋದಿದ್ಯಾ ಅಂದಾಗ "ಸಂಜೆ ಜನ ಎಷ್ಟೊತ್ತಿಗೆ ಮನೆಗೆ ಹೋಗ್ತಾರೆ" ಅಂತ ಕೇಳ್ದೆ. ಆ ಮನುಷ್ಯ "ಇಲ್ಲಿ ಟೈಮ್ ನೋಡಿ ಕೆಲಸ ಮಾಡೋ ಕಲ್ಚರ್ ಇಲ್ಲ ಮೇಡಂ, ನಾವೆಲ್ಲ ಒಂದು ಫ್ಯಾಮಿಲಿ ಥರ" ಅಂದ್ರು. ಅಲ್ಲೇ ಗೊತ್ತಾಯ್ತು. ಮನೇಲಿ ಸ್ವಲ್ಪ ಗಲಾಟೆ ಆಯ್ತು, ಗಂಡ ಒಂದು ವಾರ ಇಎಂಐ ಲೆಕ್ಕ ಹೇಳ್ತಿದ್ರು, ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮಮ್ಮ ಫೋನಲ್ಲಿ ಅಂದ್ರು. ಹಿಟ್ಟಿಗೆ ಕೊರತೆ ಇಲ್ಲಮ್ಮಾ, ಲೆಕ್ಕ ನಾನೇ ಬರೆಯೋದು ಅಂದೆ. ಕೊನೆಗೆ ಗಂಡನೇ ಒಂದು ದಿನ ತಾಲೀಮಿಗೆ ಬಂದು ಹಿಂದಿನ ಬೆಂಚಲ್ಲಿ ಕೂತಿದ್ದು, ಮನೆಗೆ ಹೋಗ್ತಾ "ಆ ಎರಡನೇ ಸೀನಲ್ಲಿ ನೀನು ತುಂಬಾ ಬೇಗ ತಿರುಗ್ತೀಯ" ಅಂದ್ರು. ಆ ಮೇಲೆ ಆ ಕಂಪನಿ ಸುದ್ದಿ ಎತ್ತಿಲ್ಲ.

ಈಗ ಹೊಸ ನಾಟಕದ ರೀಡಿಂಗ್ ನಡೀತಿದೆ, ಪಾತ್ರ ಹಂಚಿಕೆ ಇನ್ನೂ ಆಗಿಲ್ಲ. ಹೋದ ವಾರ ಅದೇ ಸೀರಿಯಲ್‌ನ ಮ್ಯಾನೇಜರ್ ಫೋನ್ ಮಾಡಿದ್ರು, ಚಿಕ್ಕಮ್ಮನ ಟ್ರ್ಯಾಕ್ ಮತ್ತೆ ಓಪನ್ ಮಾಡ್ತಿದ್ದೀವಿ, ಈ ಸಲ ಚಿಕ್ಕಮ್ಮ ವಿಲನ್ನು, ತಿಂಗಳಿಗೆ ಹನ್ನೆರಡು ದಿನ ಡೇಟ್ ಕೊಡಿ ಮೇಡಂ ಅಂತ. ವಿಲನ್ ಅಂದ ತಕ್ಷಣ ಒಂದು ಕ್ಷಣ ಆಸೆ ಆಗಿದ್ದು ನಿಜ. ಯಾವ ಹನ್ನೆರಡು ದಿನ ಅಂದೆ. ಅದು ಹಿಂದಿನ ದಿನ ಹೇಳ್ತೀವಿ ಮೇಡಂ ಅಂದ್ರು. ಸರಿ, ಹಳೇ ಬಾಕಿ ಎರಡು ತಿಂಗಳಿಂದು ಇನ್ನೂ ಬಂದಿಲ್ವಲ್ಲ ಅಂದೆ. "ಅದು ಪ್ರೋಸೆಸ್ ಆಗಿದೆ, ಅಕೌಂಟ್ಸ್‌ನವರು ನೋಡ್ತಿದಾರೆ, ನಿಮಗೆ ಗೊತ್ತಾಗಲ್ಲ ಮೇಡಂ ಅದೆಲ್ಲ ಸ್ವಲ್ಪ ಟೆಕ್ನಿಕಲ್ಲು" ಅಂತ ನನಗೇ ಹೇಳಿದ್ರು ಪುಣ್ಯಾತ್ಮ. ಫೋನ್ ಇಟ್ಟು ಲಾಗಿನ್ ಆಗಿ ನನ್ನ 26ಎಎಸ್, ಅಂದ್ರೆ ನನ್ನ ಹೆಸರಲ್ಲಿ ಕಟ್ಟಿರೋ ತೆರಿಗೆಯ ಪಟ್ಟಿ, ತೆಗೆದು ನೋಡ್ದೆ. ಆ ಎರಡು ತಿಂಗಳ ದುಡ್ಡಿಗೆ ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಿಯಾಗಿದೆ, ಉಳಿದ ತೊಂಬತ್ತು ಪರ್ಸೆಂಟು ಅವರ ಹತ್ರನೇ ಇದೆ. ಸ್ಕ್ರೀನ್‌ಶಾಟ್ ಕಳಿಸಿದ್ದೀನಿ, ಎರಡು ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ.